ಮೂಸು, ಕೇಳು, ಆಮೇಲೆ ಕುಡಿ

ನನ್ನ ತಂಗಿ ಇನ್ಶಿರಾಹ್‌ಳ ಮದುವೆ ಮಾತು ಮುರಿದು ಬೀಳುವುದಕ್ಕೆ ಒಂದು ಲೋಟ ಶರಬತ್ತು ಸಾಕಾಗುವುದರಲ್ಲಿತ್ತು. ಆ ಲೋಟ ಹಿಡಿದಿದ್ದವಳು ನನ್ನ ಮಗಳು ಬಸ್ಮಲಾ, ಐದು ವರ್ಷದವಳು. ಆವತ್ತು ಅವಳು ಮಾಡಿದ್ದೆಲ್ಲ ಶಿಶುವಿಹಾರದಲ್ಲಿ ಕಲಿತದ್ದು. ಕಲಿಸಿದವಳು ಇನ್ಶಿರಾಹ್‌ಳೇ. ಯಾರ ಮೇಲೆ ಕೂಗಾಡಬೇಕೆಂದೇ ನನಗೆ ತಿಳಿಯಲಿಲ್ಲ.

ದುಮ್ಯಾತ್ ಊರಿನಲ್ಲಿ ನಮ್ಮದು ಮರಗೆಲಸದವರ ಓಣಿ. ಕೈರೋದ ಮದುಮಕ್ಕಳು ಮಲಗುವ ಮಂಚ ಇಲ್ಲಿಂದ ಹೋಗುತ್ತದೆ. ಒಬ್ಬ ಹಲಗೆ ಕೊಯ್ಯುತ್ತಾನೆ, ಒಬ್ಬ ಜೋಡಿಸುತ್ತಾನೆ, ನಾನು ಹೂಬಳ್ಳಿ ಕೆತ್ತುತ್ತೇನೆ, ಮತ್ತೊಬ್ಬ ಪಾಲಿಶ್ ಹಾಕುತ್ತಾನೆ. ನಮ್ಮಪ್ಪ ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಕೈಗೆ ಉಳಿ ಕೊಟ್ಟ. ಇನ್ಶಿರಾಹ್‌ಳನ್ನು ಮಾತ್ರ ಓದಿಸಿದ. ಅವಳು ವಾಣಿಜ್ಯ ಡಿಪ್ಲೊಮಾ ಮುಗಿಸಿ ಸರ್ಕಾರಿ ಕೆಲಸಕ್ಕೆ ಕಾದಳು. ಕಾಯುತ್ತಿದ್ದಾಗಲೇ ಅಪ್ಪ ಹೋದ, ಹಿಂದೆಯೇ ಅಮ್ಮ ಹೋದಳು. ಒಂದು ದಿನ ಬೆಳಿಗ್ಗೆ ಉದ್ದದ ಬಟ್ಟೆಯನ್ನು ತಲೆಗೆ ಬಿಗಿದುಕೊಂಡು, ಕೆಳಗಿನ ಮನೆಯಲ್ಲಿದ್ದ ಅಪ್ಪನ ಹಲಗೆ ಕೋಣೆಯನ್ನು ಗುಡಿಸಿ ಸುಣ್ಣ ಬಳಿದಳು. "ಏನೇ ಇದು?" ಎಂದರೆ, "ಸರ್ಕಾರ ನನ್ನ ಕರೆಯೋ ಹೊತ್ತಿಗೆ ನನ್ನ ಹಲ್ಲು ಉದುರಿರುತ್ತೆ. ನಾನೇ ಮಕ್ಕಳನ್ನ ಕರೀತೀನಿ," ಎಂದಳು.

ಹಾಗೆ ಅವಳು ಓಣಿಗೆಲ್ಲ 'ಅಬ್ಲಾ' ಆದಳು. ಟೀಚರನ್ನು ಮಕ್ಕಳು ಹಾಗೇ ಕರೆಯುವುದು. ಸ್ಲೇಟು ಕೊಳ್ಳಲು ಆಗದವರ ಮಕ್ಕಳೇ ಹೆಚ್ಚು. ನನ್ನ ಅಂಗಡಿಯಲ್ಲಿ ಒಡೆದು ಬಿದ್ದಿದ್ದ ಮೇಜಿನ ಡ್ರಾಯರುಗಳನ್ನು ಎತ್ತಿಕೊಂಡು ಹೋಗಿ, ಅದರಲ್ಲಿ ಮರದ ಹುಡಿ ಹರವಿ, ಬೆರಳಲ್ಲಿ ಅಕ್ಷರ ಬರೆಸಿದಳು. ಅರಬ್ಬಿಯ 'ಬಾ' ಅಕ್ಷರಕ್ಕೆ ಬತ್ತಾ, ಅಂದರೆ ಬಾತುಕೋಳಿ. ತಪ್ಪಿದರೆ ಡ್ರಾಯರು ಅಲ್ಲಾಡಿಸು, ಮತ್ತೆ ಬರಿ. ಮನೆಗೆ ಬಂದ ಬಸ್ಮಲಾ ನನ್ನ ಕೆತ್ತನೆ ಹಲಗೆಯ ಮೇಲಿನ ಹುಡಿಯಲ್ಲೂ ಬಾತುಕೋಳಿ ಬರೆದಿಡುವಳು. ನಾನು ಊದಿ ಹಾರಿಸುವೆ, ಅವಳು ಅಳುವಳು, ಹೆಂಡತಿ ನಜ್ಲಾ ಒಳಗಿಂದ ನನ್ನನ್ನು ಬಯ್ಯುವಳು. ಅಲ್ಲಿಯ ತನಕ ಎಲ್ಲ ಸರಿಯೇ ಇತ್ತು.

ಹೋದ ಚಳಿಗಾಲದಲ್ಲಿ ಜಿಯಾದ್ ಎಂಬ ಪುಟ್ಟ ಹುಡುಗ ಥಿನ್ನರ್ ಕುಡಿದ.

ನಮ್ಮ ಓಣಿಯಲ್ಲಿ ಥಿನ್ನರು, ಸ್ಪಿರಿಟ್ಟು, ಅರಗು ಕರಗಿಸಿದ ಕೆಂಪು ಪಾಲಿಶು ಎಲ್ಲವೂ ಇರುವುದು ಖಾಲಿ ನೀರಿನ ಬಾಟಲಿಗಳಲ್ಲಿ. ಎಲ್ಲರೂ ಹಾಗೇ ಇಡುವುದು, ನಾನೂ ಇಟ್ಟಿದ್ದೇನೆ. ಬೀದಿಯಲ್ಲಿ ಬ್ಲೀಚು ಮಾರುವವನು ಕೂಡ ಅಂಥವುಗಳಲ್ಲೇ ತುಂಬಿ ಕೊಡುತ್ತಾನೆ. ಜಿಯಾದ್ ಅವನಪ್ಪನ ಜೊತೆ ಬದೀರನ ಪಾಲಿಶ್ ಅಂಗಡಿಗೆ ಹೋಗಿದ್ದ. ಬಾಯಾರಿತು. ಕಿಟಕಿಯಲ್ಲಿ ನೀರಿನ ಬಾಟಲಿ ಕಂಡಿತು. ಹುಡುಗ ಬದುಕಿ ಉಳಿದ, ಆದರೆ ಗಂಟಲು ಸುಟ್ಟಿತು. ಈಗಲೂ ಅವನ ದನಿ ಮುದುಕನ ದನಿ. ಬದೀರನ ತಾಯಿ ಹಜ್ಜಾ ಅತಿಯಾತ್ ಓಣಿಯ ತುದಿಯಿಂದ ತುದಿಗೆ ಹೇಳಿಕೊಂಡು ಬಂದಳು: "ಆ ಹುಡುಗ ಕದ್ದು ಕುಡಿದ. ನನ್ನ ಮಗನಿಗೆ ಬೆನ್ನಲ್ಲಿ ಕಣ್ಣಿದೆಯಾ?" ಯಾರೂ ಎದುರು ಮಾತಾಡಲಿಲ್ಲ. ಹಜ್ಜಾ ಅತಿಯಾತ್‌ಳ ಎದುರು ಮಾತಾಡುವವರು ನಮ್ಮಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇನ್ಶಿರಾಹ್ ಆಸ್ಪತ್ರೆಗೆ ಹೋಗಿ ಹುಡುಗನನ್ನು ನೋಡಿ ಬಂದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಅಕ್ಷರಕ್ಕಿಂತ ಮುಂಚೆ ಹೊಸ ಪಾಠ ಶುರುಮಾಡಿದಳು. ಒಂದು ಹತ್ತಿ ಉಂಡೆಗೆ ವಿನೆಗರು, ಒಂದಕ್ಕೆ ಒಂದೇ ಹನಿ ಸ್ಪಿರಿಟ್ಟು, ಒಂದಕ್ಕೆ ಗುಲಾಬಿ ನೀರು, ಒಂದಕ್ಕೆ ಬರೀ ನೀರು. ದೂರ ಹಿಡಿದು, ಅಂಗೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು ಮೂಸಬೇಕು. ಆಮೇಲೆ ಕೊಟ್ಟವರನ್ನು 'ಇದೇನು?' ಎಂದು ಕೇಳಬೇಕು. ಸರಿಯಾದ ಉತ್ತರ ಬಂದಮೇಲೆ ಕುಡಿಯಬೇಕು. ಬರದಿದ್ದರೆ ಕೆಳಗಿಟ್ಟು ಕೂಗಿಕೊಳ್ಳಬೇಕು. ಮಕ್ಕಳು ಇದನ್ನು ರಾಗವಾಗಿ ಹೇಳುತ್ತಿದ್ದವು, ಮನೆಯಲ್ಲೂ ಅಭ್ಯಾಸ ಮಾಡಬೇಕೆಂದು ಅಪ್ಪಣೆ.

ಮಾಡಿದವು! ಅಜ್ಜಿಯ ಚಹಾ ಮೂಸಿದವು, ನೆಂಟರ ಮನೆಯ ನೀರು ಮೂಸಿದವು. ಕೊಟ್ಟದ್ದನ್ನು ಮೂಸುವುದೆಂದರೆ ಕೊಟ್ಟವರ ಕೈಯನ್ನೇ ಹೊಲಸು ಎಂದಂತೆ ನಮ್ಮಲ್ಲಿ. ಕಾಫಿ ಅಂಗಡಿಯಲ್ಲಿ ನನ್ನನ್ನು ಕಂಡರೆ, "ಮಿತ್ವಲ್ಲಿ ಮೇಸ್ತ್ರಿ, ನಿನ್ನ ತಂಗಿ ನಾಯಿಮರಿ ಶಾಲೆ ತೆಗೆದಿದಾಳಂತೆ? ನಮ್ಮನೆ ಮರಿ ನಿನ್ನೆ ನನ್ನ ಹುಕ್ಕಾನೂ ಮೂಸ್ತು!" ಎಂದು ನಗುವರು. ಒಬ್ಬನ ಕತ್ತುಪಟ್ಟಿಗೆ ಕೈಹಾಕಿಯೂ ಆಯಿತು. ಆದರೆ ಪಾಠ ನಿಲ್ಲಲಿಲ್ಲ.

ವಿಚಿತ್ರವೆಂದರೆ, ಆ ಹತ್ತಿ ಉಂಡೆಗಳನ್ನು ತಂದುಕೊಡುತ್ತಿದ್ದವನು ಬದೀರ್. ನಲವತ್ತು ದಾಟಿದ ಗಂಡಸು, ಉಗುರುಗಳೆಲ್ಲ ಅರಗು ಹಿಡಿದು ಕಂದು. ಶಿಶುವಿಹಾರದ ಬಾಗಿಲ ಹೊರಗೇ ನಿಂತು, "ಅಬ್ಲಾ, ಇವತ್ತಿನದು," ಎಂದು ಡಬ್ಬಿ ಕೊಟ್ಟು ಹೊರಡುವನು. ಬೇಸಿಗೆ ಬರುವ ಹೊತ್ತಿಗೆ ಅವನ ಚಿಕ್ಕಪ್ಪ ಹಾಜಿ ಸುಂಬಾತಿ ನನ್ನ ಅಂಗಡಿಗೆ ಬಂದು, ಉಪೋದ್ಘಾತವಿಲ್ಲದೆ ಹೆಣ್ಣು ಕೇಳಿದ.

ಇನ್ಶಿರಾಹ್‌ಗೆ ಮೂವತ್ತಾರು. ಹಿಂದೆ ಬಂದವರೆಲ್ಲ ಶಿಶುವಿಹಾರ ಮುಚ್ಚು ಎಂದವರೇ. ಅವರಿಗೆಲ್ಲ ಬಾಗಿಲು ತೋರಿಸಿದ್ದಳು. ಈ ಸಲ ನಾನು ಹೇಳಿದಾಗ ಅವಳು ಒಲೆಯ ಕಡೆ ತಿರುಗಿ, "ನಿನಗೆ ಸರಿ ಕಂಡ್ರೆ ಸರಿ, ಅಣ್ಣ," ಎಂದಳು. ಆ ಸಂಜೆ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಯಾರೂ ಗುನುಗಿದ್ದನ್ನು ನಾನು ಕೇಳಿರಲಿಲ್ಲ.

ಗುರುವಾರ ಸಂಜೆ ಕುರಾನಿನ ಫಾತಿಹಾ ಓದಿ ಮಾತು ಗಟ್ಟಿ ಮಾಡುವುದೆಂದಾಯಿತು. ಭಾನುವಾರ ಹಾಜಿ ಸುಂಬಾತಿ ಮತ್ತೆ ಬಂದ, ಮುಖ ಸಣ್ಣದು ಮಾಡಿಕೊಂಡು.

"ಮಿತ್ವಲ್ಲಿ, ನಮ್ಮತ್ತಿಗೆ ಹಜ್ಜಾ ನಿನ್ನೆ ಶಿಶುವಿಹಾರದ ಮುಂದೆ ಹಾದು ಹೋಗ್ತಿದ್ರಂತೆ. ಮಕ್ಕಳು ಆ ಮೂಸೋ ಪದ ಕೂಗಿದ್ವಂತೆ. ತನ್ನ ಕಂಡೇ ಕೂಗಿಸಿದಾಳೆ ಅಂತ ಒಂದೇ ಸಮ ಹಾರಾಡ್ತಿದ್ದಾರೆ. ಗುರುವಾರ ದಾಟೋ ತನಕ ಅದೊಂದು ನಿಲ್ಲಿಸಪ್ಪ."

ನಾನು ಕೆಳಗಿಳಿದು ಹೋಗಿ ಇನ್ಶಿರಾಹ್‌ಗೆ ಹೇಳಿದೆ. ಒಳ್ಳೆಯ ಮಾತಿನಲ್ಲೇ ಶುರುಮಾಡಿದ್ದು, ಮುಗಿಯುವಾಗ ಕೂಗುತ್ತಿದ್ದೆ. "ಒಂದೇ ಒಂದು ವಾರ ಕಣೇ! ಏನು ಗಂಟು ಹೋಗುತ್ತೆ?"

ಅವಳು ಡ್ರಾಯರಿನ ಹುಡಿಯನ್ನು ಸಮ ಮಾಡುತ್ತ ಕೇಳಿದಳು: "ಈ ವಾರ ಯಾವ ಮಗು ಬಾಟ್ಲಿಗೆ ಕೈ ಹಾಕುತ್ತೆ ಹೇಳು ಅಣ್ಣ. ಅದೊಂದನ್ನ ಇಟ್ಕೊಂಡು ಮಿಕ್ಕವಕ್ಕೆ ರಜೆ ಕೊಡ್ತೀನಿ."

"ಆ ಮುದುಕಿ ಎದ್ದು ಹೋದ್ರೆ?"

ಅವಳ ಕೈ ನಿಂತಿತು. "ಹೋಗದೇ ಇರ್ಲಿ ಅಂತ ನಾನೂ ಕೇಳ್ಕೋತಿದೀನಿ," ಎಂದಳು ಮೆಲ್ಲಗೆ. ಪಾಠ ಮಾತ್ರ ನಿಲ್ಲಿಸಲಿಲ್ಲ.

ಆಗ ನಾನು ನನ್ನ ಕೈಲಾದದ್ದು ಮಾಡಿದೆ. ಬಸ್ಮಲಾಳನ್ನು ಎದುರಿಗೆ ನಿಲ್ಲಿಸಿಕೊಂಡು, "ಗುರುವಾರ ಏನಾದ್ರೂ ಮೂಸಿದ್ಯೋ, ನಿನ್ನ ಮೂಗು ಕೆತ್ತಿ ಕುರ್ಚಿಗೆ ಅಂಟಿಸ್ತೀನಿ," ಎಂದೆ. ಅವಳು ಮೂಗು ಮುಚ್ಚಿಕೊಂಡು ತಲೆಯಾಡಿಸಿದಳು.

ಹಜ್ಜಾ ಅತಿಯಾತ್‌ಳ ಮನೆತನದಲ್ಲಿ ಒಂದು ಪದ್ಧತಿ. ಗಂಡಿನ ತಾಯಿ ತನ್ನ ಮನೆಯಲ್ಲೇ ಗುಲಾಬಿ ಶರಬತ್ತು ಮಾಡಿ ತರಬೇಕು. ಮೊದಲ ಲೋಟವನ್ನು ಹೆಣ್ಣಿನ ಮನೆಯ ಮಗುವಿಗೆ ಸ್ವಂತ ಕೈಯಿಂದ ಕೊಡಬೇಕು. ಮಗು ಕುಡಿದು 'ಮಬ್ರೂಕ್' ಎಂದು ಶುಭ ಹೇಳಿದಮೇಲೆ ಗಂಡಸರು ಫಾತಿಹಾಗೆ ಕೈ ಎತ್ತಬೇಕು. ಮನೆ ತುಂಬ ಮಕ್ಕಳಾಗಲಿ ಎಂದು. ನಮ್ಮ ಮನೆಯಲ್ಲಿದ್ದ ಮಗು ಒಂದೇ. ಇದೆಲ್ಲ ನನಗೆ ತಿಳಿದದ್ದು ಅವರು ಬಂದು ಕೂತಮೇಲೆ.

ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ. ಬದೀರ್ ಹೊಸ ಅಂಗಿ ತೊಟ್ಟು ಚಿಕ್ಕಪ್ಪನ ಪಕ್ಕ ಉಗುರು ಕಾಣದಂತೆ ಕೈಗಳನ್ನು ಮುಚ್ಚಿಕೊಂಡು ಕೂತಿದ್ದ. ಇನ್ಶಿರಾಹ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಆಕಾಶ ಬಣ್ಣದ ಉಡುಪು, ನಜ್ಲಾ ಬಲವಂತವಾಗಿ ಹಚ್ಚಿದ ಕಾಡಿಗೆ. ಹಜ್ಜಾ ಅತಿಯಾತ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಾಶಾಲ್ಲಾ," ಎಂದಳು. ನನಗೆ ಉಸಿರು ಬಂತು.

ಆಮೇಲೆ ಅವಳು ಬುಟ್ಟಿಯಿಂದ ಶರಬತ್ತು ತೆಗೆದಳು. ನೀರಿನ ಬಾಟಲಿಗಳಲ್ಲಿ ತಂದಿದ್ದಳು. ಕೆಂಪಗೆ, ಥೇಟ್ ಕಿಟಕಿಯಲ್ಲಿಟ್ಟ ಪಾಲಿಶಿನಂತೆ.

ನಾನು ಮಗಳ ಮುಖ ನೋಡಿದೆ. ಅವಳು ಬಾಟಲಿಯನ್ನೇ ನೋಡುತ್ತಿದ್ದಳು.

"ಬಾರಮ್ಮ ಬಂಗಾರ, ಮೊದಲ ಲೋಟ ನಿನಗೆ," ಎಂದು ಹಜ್ಜಾ ಕರೆದಳು. ಬಸ್ಮಲಾ ಹೋಗಿ ಎರಡೂ ಕೈಯಲ್ಲಿ ಲೋಟ ಹಿಡಿದಳು. ನನ್ನ ಕಡೆ ತಿರುಗಿದಳು. ನಾನು ಕಣ್ಣು ದೊಡ್ಡದು ಮಾಡಿದೆ. ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. ಇನ್ಶಿರಾಹ್ ಅಲ್ಲಾಡಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಮಗು ಲೋಟವನ್ನು ತೋಳುದ್ದ ದೂರ ಹಿಡಿದು, ಒಂದು ಕೈ ಬಿಡಿಸಿಕೊಂಡು, ಗಾಳಿ ಬೀಸಿಕೊಂಡು, ಸುಯ್ಯೆಂದು ಮೂಸಿತು.



"ಏನದು?" ಎಂದಳು ಹಜ್ಜಾ. ದನಿ ತಣ್ಣಗಿತ್ತು. "ಏನು ಮಾಡ್ತು ಆ ಮಗು?"

"ಮಗು ಅಲ್ವಾ ಹಜ್ಜಾ, ಆಟ..." ಎಂದು ನಜ್ಲಾ ಎದ್ದಳು.

"ಆಟ ಅಲ್ಲ! ಕಲಿಸಿ ತಂದಿದಾರೆ! ನಾನು ನನ್ನ ಕೈಯಾರೆ ಮಾಡಿ, ನನ್ನ ಕೈಯಾರೆ ಕೊಟ್ರೆ, ಎಲ್ಲರ ಮುಂದೆ ಮೂಸಿಸ್ತೀರಾ? ಅತಿಯಾತ್ ಮನೆ ಬಾಟ್ಲಿ ಅಂತ ತಾನೇ? ಆ ಕಳ್ಳ ಹುಡುಗ ಕುಡಿದದ್ದನ್ನ ಇನ್ನೂ ಎಷ್ಟು ವರ್ಷ ನನ್ನ ಮಗನ ಕೊರಳಿಗೆ ಕಟ್ತೀರಿ?"

ನಾನು ಮಗಳಿಗೆ ಬಾರಿಸಲು ಎದ್ದೆ. ನಿಜ ಹೇಳಬೇಕೆಂದರೆ, ಮಗಳಿಗೋ ಮುದುಕಿಗೋ ಎಂದು ಕೈಗೂ ಗೊತ್ತಿರಲಿಲ್ಲ. ಹಾಜಿ ಸುಂಬಾತಿ ನನ್ನ ಮಣಿಕಟ್ಟು ಹಿಡಿದ. "ಅಣ್ಣ, ಕೂತ್ಕೋ," ಎಂದಳು ಇನ್ಶಿರಾಹ್, ಬಾಗಿಲಿಂದಲೇ.

ಹಜ್ಜಾ ಅವಳ ಕಡೆ ತಿರುಗಿದಳು. "ನೋಡಮ್ಮ ಅಬ್ಲಾ. ನಾನು ಜಗಳಗಂಟಿ ಅಲ್ಲ. ಒಂದೇ ಮಾತು. ಈಗ, ಎಲ್ಲರ ಎದುರು, ಈ ಮಗೂಗೆ ಹೇಳು: ನಾನು ಕಲಿಸಿದ್ದು ತಪ್ಪು, ಇನ್ಮೇಲೆ ಮೂಸಬಾರದು ಅಂತ. ಹೇಳಿದ್ರೆ ಫಾತಿಹಾ. ಇಲ್ಲಾ ಅಂದ್ರೆ ಬಾಟ್ಲಿ ಬುಟ್ಟಿಗೆ ಹಾಕ್ಕೊಂಡು ಹೊರಟೆ."

"ಹೇಳಿಬಿಡಮ್ಮ," ಎಂದ ಹಾಜಿ ಸುಂಬಾತಿ. "ಒಂದು ಮಾತು. ನಾಲಿಗೇಲಿ ಮೂಳೆ ಇಲ್ಲ."

"ಹೇಳೇ!" ಎಂದೆ ನಾನು. ಒಂದು ಮಾತು ತಾನೇ. ನಾಳೆ ಮತ್ತೆ ತನ್ನ ಪಾಠ ತಾನು ಮಾಡಿಕೊಳ್ಳಲಿ. ಆದರೆ ಮಕ್ಕಳು ಅಬ್ಲಾ ಹೇಳಿದ್ದನ್ನು ದೇವರು ಹೇಳಿದಂತೆ ನಂಬುತ್ತವೆ. ಇವತ್ತು ತಪ್ಪು ಎಂದರೆ ನಾಳೆ ಬೆಳಿಗ್ಗೆ ಬಸ್ಮಲಾ ಇಡೀ ಓಣಿಗೆ ಸಾರಿಬಿಡುತ್ತಾಳೆ: ಇನ್ನು ಮೂಸಬಾರದು, ಅಬ್ಲಾನೇ ಹೇಳಿದಾಳೆ. ಇದು ನನಗೆ ಹೊಳೆದದ್ದು ತಡವಾಗಿ. ಇನ್ಶಿರಾಹ್‌ಗೆ ಆಗಲೇ ಗೊತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು.

ಅವಳು ಒಮ್ಮೆ ಬದೀರನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ಅವಳು ಬಂದು ಮಗುವಿನ ಎದುರು ಮಂಡಿಯೂರಿದಳು.

"ಬಸ್ಮಲಾ, ನೀನೊಂದು ತಪ್ಪು ಮಾಡ್ದೆ."

ಹಜ್ಜಾ ಅತಿಯಾತ್ ಒರಗಿ ಕೂತಳು.

"ಮೂಸಿದೆ. ಆಮೇಲೇನು?"

"ಕೇಳ್ಬೇಕು," ಎಂದಿತು ಮಗು, ಕೇಳಿಸಿಯೂ ಕೇಳಿಸದಂತೆ.

"ಕೇಳಿದ್ಯಾ?"

"ಇಲ್ಲ."

"ಕೊಟ್ಟವರು ಎದುರಿಗೇ ಇದಾರೆ. ಅವರನ್ನ ಕೇಳದೆ ನಿಂತಿದೀಯಲ್ಲ, ಅದು ತಪ್ಪು. ಮರ್ಯಾದೆಯಾಗಿ ಕೇಳು."

"ಇನ್ಶಿರಾಹ್!" ಎಂದು ನಾನು ಹಲ್ಲು ಕಡಿದೆ. ಮುಗಿಯಿತು ಎಂದುಕೊಂಡೆ. ಮಗು ಆಗಲೇ ಹಜ್ಜಾಳ ಕಡೆ ತಿರುಗಿತ್ತು.

"ಅಜ್ಜೀ, ಇದೇನು?"

ಹಜ್ಜಾ ಅತಿಯಾತ್‌ಳ ಕೆನ್ನೆ ಅದುರಿತು. "ವಿಷ!" ಎಂದು ಕಿರಿಚಿದಳು. "ನಿಮ್ಮತ್ತೆ ಹೇಳ್ಕೊಟ್ಟಿದಾಳಲ್ಲ? ವಿಷ ಅದು! ವಿಷ!"

ಬಸ್ಮಲಾ ತಡಮಾಡಲಿಲ್ಲ. ಲೋಟವನ್ನು ಒಂದು ಹನಿ ಚೆಲ್ಲದಂತೆ ನೆಲದ ಮೇಲಿಟ್ಟಳು. ನೆಟ್ಟಗೆ ನಿಂತು, ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಕೂಗಿದಳು: "ಯಾರೂ ಕುಡೀಬೇಡಿ! ಯಾರೂ ಕುಡೀಬೇಡಿ!" ಹಾಜಿ ಸುಂಬಾತಿಯ ಎದುರು ತಟ್ಟೆಯಲ್ಲಿ ತುಂಬಿಟ್ಟಿದ್ದ ಲೋಟವನ್ನು ಓಡಿಹೋಗಿ ದೂರ ಸರಿಸಿದಳು. "ತಾತಾ, ಬೇಡ. ಗಂಟಲು ಹೋಗುತ್ತೆ. ಜಿಯಾದ್‌ಗೆ ಹೋಯ್ತಲ್ಲ."

ಹೆಂಗಸರ ಸಾಲಿನಲ್ಲಿ ಯಾರೋ "ಅಲ್ಲಾ ಕಾಪಾಡಲಿ" ಎಂದರು. ಮದುವೆ ಶರಬತ್ತಿನ ಮೇಲೆ ಗಂಡಿನ ತಾಯಿಯ ಬಾಯಿಂದ ವಿಷ ಎಂಬ ಮಾತು ಬಿದ್ದಿತ್ತು. ಅದೂ ಮೂರು ಸಲ. ಇದಕ್ಕಿಂತ ಅಪಶಕುನ ನಾನು ಕೇಳಿಲ್ಲ. ಹಜ್ಜಾಳಿಗೂ ಅದು ಈಗ ತಿಳಿಯಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆದರೆ ಆಡಿದ್ದನ್ನು ಹಿಂದಕ್ಕೆ ನುಂಗುವ ಹೆಂಗಸಲ್ಲ ಅವಳು. ಬುಟ್ಟಿಗೆ ಕೈಹಾಕಿದಳು. "ನಡಿ ಬದೀರ್, ಏಳು."

ಬದೀರ್ ಎದ್ದ. ಇನ್ಶಿರಾಹ್ ಇನ್ನೂ ಮಂಡಿಯ ಮೇಲೇ ಇದ್ದಳು, ತಲೆ ಎತ್ತಲಿಲ್ಲ.

"ಅಮ್ಮ," ಎಂದ ಬದೀರ್. "ಮಗು ಕೇಳಿದೆ. ಸರಿಯಾಗಿ ಉತ್ತರ ಹೇಳು."

"ಏನಂದೆ?"

"ಜಿಯಾದ್ ಕದ್ದು ಕುಡೀಲಿಲ್ಲಮ್ಮ. ಅವನೂ ಕೇಳ್ದ. 'ಮಾಮಾ, ನೀರಾ ಇದು?' ಅಂತ ಕೇಳ್ದ. ನನ್ನ ಕೈಲಿ ಪಾಲಿಶ್ ಬಟ್ಟೆ ಇತ್ತು, ನಿಲ್ಲಿಸಿದ್ರೆ ಗೆರೆ ಬೀಳುತ್ತೆ ಅಂತ ನಾನು ತಿರುಗಿ ನೋಡ್ಲಿಲ್ಲ. 'ಹೂಂ' ಅಂದೆ." ಅವನು ತನ್ನ ಕಂದು ಉಗುರುಗಳನ್ನು ನೋಡಿಕೊಂಡ. "ಅಬ್ಲಾಗೆ ಇದನ್ನ ಹತ್ತಿ ತಂದುಕೊಟ್ಟ ಮೊದಲ ದಿನವೇ ಹೇಳಿದೀನಿ. ನೀನು ಮಾತ್ರ ಊರೆಲ್ಲ ಅವನನ್ನ ಕಳ್ಳ ಮಾಡಿಕೊಂಡು ಬಂದೆ, ನಾನು ಬಾಯಿ ಮುಚ್ಕೊಂಡಿದ್ದೆ."

ನಾನು ಜಗಳಗಳನ್ನು ನೋಡಿದವನು, ಮಾಡಿದವನು. ಆದರೆ ಆ ಹೊತ್ತಿನಷ್ಟು ಭಯ ನನಗೆ ಯಾವ ಜಗಳದಲ್ಲೂ ಆಗಿಲ್ಲ. ಹಜ್ಜಾ ಅತಿಯಾತ್ ಮಗನ ಮುಖ ನೋಡುತ್ತಲೇ ಇದ್ದಳು. ಬುಟ್ಟಿಯ ಹಿಡಿ ಅವಳ ಕೈಯಲ್ಲೇ ಇತ್ತು. ಎದ್ದರೆ ಮದುವೆ ಮುರಿಯಿತು, ಮಗನೂ ಕೈಬಿಟ್ಟ. ಕೂತರೆ ಒಂದು ಮಗುವಿನ ಎದುರು ಸೋಲಬೇಕು. ಮೂಲೆಯಲ್ಲಿದ್ದ ಯಾವಳೋ ಕೆಮ್ಮಿದಳು, ನನಗೆ ಅವಳ ಕತ್ತು ಹಿಸುಕಬೇಕೆನಿಸಿತು.

ಹಜ್ಜಾ ಬುಟ್ಟಿ ಬಿಟ್ಟಳು. ಕಷ್ಟಪಟ್ಟು ಬಗ್ಗಿ ನೆಲದ ಮೇಲಿದ್ದ ಲೋಟ ಎತ್ತಿಕೊಂಡಳು.

"ಬಾ ಇಲ್ಲಿ," ಎಂದಳು. ಬಸ್ಮಲಾ ಎರಡು ಹೆಜ್ಜೆ ಬಂದು ನಿಂತಳು, ಇನ್ನೂ ಹತ್ತಿರ ಬರಲಿಲ್ಲ. "ಇದು ಶರಬತ್ತು. ಗುಲಾಬಿದು. ನಾನೇ ಮಾಡಿದ್ದು."

"ವಿಷ ಅಂದ್ರಿ."

"ಸುಳ್ಳು ಹೇಳ್ದೆ."

"ಯಾಕೆ?"

ಅರವತ್ತು ದಾಟಿದ ಹೆಂಗಸು, ಮೆಕ್ಕಾಗೆ ಹೋಗಿಬಂದವಳು, ಇಡೀ ಓಣಿಯನ್ನು ನಡುಗಿಸಿದವಳು. "ಸಿಟ್ಟು ಬಂತು," ಎಂದಳು ಕೊನೆಗೆ. ಲೋಟದಿಂದ ತಾನೇ ಒಂದು ಗುಟುಕು ಕುಡಿದಳು. "ಸಕ್ಕರೆ ಜಾಸ್ತಿ ಆಗಿದೆ, ಅಷ್ಟೇ."

ಬಸ್ಮಲಾ ಯೋಚಿಸಿದಳು. ಆ ಯೋಚನೆಯ ಹೊತ್ತಿನಲ್ಲಿ ನಾನು ಒಂದು ಮಂಚ ಕೆತ್ತಿ ಮುಗಿಸಬಹುದಿತ್ತು. ಆಮೇಲೆ ಮುಂದೆ ಬಂದು ಲೋಟ ತೆಗೆದುಕೊಂಡು ಗಟಗಟ ಕುಡಿದು, ಮೇಲ್ತುಟಿಯ ಕೆಂಪು ಒರೆಸಿಕೊಳ್ಳದೆಯೇ, "ಮಬ್ರೂಕ್," ಎಂದಳು.

ಹಾಜಿ ಸುಂಬಾತಿ ಮತ್ತೇನಾದರೂ ಆಗುವುದಕ್ಕೆ ಮುಂಚೆ ನನ್ನ ಕೈ ಎಳೆದುಕೊಂಡು ಫಾತಿಹಾ ಶುರುಮಾಡಿಯೇಬಿಟ್ಟ. ಓದಿ ಮುಗಿದಾಗ ನಾಲಿಗೆ ಹೊರಳಿಸಿ ಶುಭದ ಕೇಕೆ ಹಾಕಬೇಕಾದವಳು ಗಂಡಿನ ತಾಯಿ. ಎಲ್ಲ ಹೆಂಗಸರೂ ಅವಳನ್ನು ನೋಡಿದರು. ಅವಳು ಮಗನನ್ನು ನೋಡುತ್ತ ಕೂತಿದ್ದಳು. ಕೊನೆಗೆ ನಜ್ಲಾ ಒಬ್ಬಳೇ ಶುರುಮಾಡಿದಳು. ದನಿ ಒಡೆದು ಕೋಳಿ ಕೂಗಿದಂತಾಯಿತು. ಒಬ್ಬೊಬ್ಬರಾಗಿ ಉಳಿದವರು ಸೇರಿಕೊಂಡರು.

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಇನ್ಶಿರಾಹ್ ಕಲ್ಲುಕಟ್ಟೆ ಹಿಡಿದು ನಿಂತಿದ್ದಳು. ಕಾಡಿಗೆ ಗಲ್ಲದವರೆಗೂ ಇಳಿದಿತ್ತು.

"ಆ ಮುದುಕಿ ಜೊತೆ ಹೇಗೆ ಬಾಳ್ತೀಯೇ?" ಎಂದೆ. "ಇವತ್ತಿಂದು ಅವಳು ಸಾಯೋ ತನಕ ಮರೆಯಲ್ಲ."

"ನಾನೂ ಮರೆಯಲ್ಲ," ಎಂದಳು. ಮೂಗು ಒರೆಸಿಕೊಂಡಳು. "ಅಣ್ಣ, ಪಾಠದಲ್ಲಿ ಒಂದು ಬಿಟ್ಟುಹೋಗಿದೆ. ಸಿಟ್ಟಲ್ಲಿರೋರನ್ನ ಎರಡು ಸಲ ಕೇಳ್ಬೇಕು. ಅದನ್ನ ಶನಿವಾರ ಸೇರಿಸ್ತೀನಿ."

"ಸೇರಿಸು," ಎಂದೆ. ಬೇರೇನು ಹೇಳಲಿ? ಹೊರಗಿಂದ ಹಜ್ಜಾ ಅತಿಯಾತ್ ಕರೆಯುತ್ತಿದ್ದಳು: "ಅಬ್ಲಾ! ಲೋಟ ಸಾಲದು, ಇನ್ನಷ್ಟು ತಗೊಂಡ್ಬಾ." ದನಿಯಲ್ಲಿ ಬಿಸಿ ಹಾಗೇ ಇತ್ತು. ಇನ್ಶಿರಾಹ್ ಮುಖಕ್ಕೆ ನೀರು ಹಾಕಿಕೊಂಡು, ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೊರಗೆ ಹೋದಳು.